ಚಳಿಗಾಲಕ್ಕೆ ಬಂದ ಕುಂಡಗಳು

ಗಾಜು ಉಜ್ಜಿ ಉಜ್ಜಿ ಗ್ಲೆಂಡಾಳ ತೋಳು ಬಿದ್ದುಹೋಗಿತ್ತು. ಬೇಸಿಗೆಯಲ್ಲಿ ನೆರಳಿಗೆಂದು ಗಿಡಗಳ ಗಾಜಿನ ಹಸಿರುಮನೆಗೆ ಬಳಿದ ಸುಣ್ಣ, ಸಂದಿಗೊಂದಿಗೆ ಅಂಟಿದ ಪಾಚಿ, ಎಲ್ಲವೂ ಅಕ್ಟೋಬರ್ ಮುಗಿಯುವುದರೊಳಗೆ ಹೋಗಬೇಕು. ಇಲ್ಲದಿದ್ದರೆ ಯಾರ್ಕ್‌ಷೈರಿನ ಚಳಿಗಾಲದ ಚೂರುಪಾರು ಬೆಳಕೂ ಗಿಡಗಳಿಗೆ ದಕ್ಕುವುದಿಲ್ಲ. ಬೆಳಗಿನಿಂದ ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಿಂತು ಬಂದ ಕಾಲುಗಳು ಏಣಿ ಹತ್ತಲು ಒಲ್ಲೆ ಎನ್ನುತ್ತಿದ್ದವು. ಐವತ್ತೆಂಟಕ್ಕೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಬೈದುಕೊಳ್ಳುತ್ತಲೇ ಗೇಟಿನ ಕಡೆ ನೋಡಿದಳು.

ನೆವಿಲ್ ತಳ್ಳುಗಾಡಿಯ ತುಂಬ ಜೆರೇನಿಯಂ ಕುಂಡಗಳನ್ನು ಹೇರಿಕೊಂಡು ಬರುತ್ತಿದ್ದ.

"ಬಾಡಿಗೆದಾರರು ಬಂದಿದಾರೆ, ಜಾಗ ಇದೆಯಾ?"

"ಹೋದ ವರ್ಷ ಬಂದವರು ಮನೆ ತುಂಬ ಹುಳ ಹಿಡಿಸಿ ಹೋದ್ರು."

"ಅದು ನಿನ್ನ ಫ್ಯೂಷಿಯಾ ಗಿಡದ ಕೆಲಸ. ನಮ್ಮವರು ಮರ್ಯಾದಸ್ಥರು!"

ನೆವಿಲ್ ಬಸ್ ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಚರ್ಚಿನ ಆಚೆ ಬೀದಿಯಲ್ಲಿ ಅವನ ಮನೆ. ಹಸಿರುಮನೆ ಇಲ್ಲದವರು ಚಳಿಗೆ ಮುಂಚೆ ಇದ್ದವರ ಮನೆಗೆ ಕುಂಡ ತಂದಿಡುವುದು ಆ ಊರಿನ ರೂಢಿ. ಪ್ರತಿ ಶನಿವಾರ ಅವನು ತನ್ನ ಗಿಡ ನೋಡಲು ಬರುತ್ತಿದ್ದ. ಎರಡು ಒಣಗಿದ ಎಲೆ ಕೀಳುವುದಕ್ಕೆ ಮೂರು ಕಪ್ ಟೀ ಬೇಕಾಗುತ್ತಿತ್ತು. ಆದರೆ ಮೇ ತಿಂಗಳು ಬಂತೆಂದರೆ ಗಿಡಗಳ ಜೊತೆ ಅವನೂ ಹೊರಟುಹೋಗುತ್ತಿದ್ದ. ಆಮೇಲೆ ಬೇಸಿಗೆಯಿಡೀ ಬೀದಿಯಲ್ಲಿ ಸಿಕ್ಕಾಗ ಟೋಪಿ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗ್ಲೆಂಡಾಳನ್ನು ನಿಜವಾಗಿ ದಣಿಸಿದ್ದು ಅದು, ಗಾಜಲ್ಲ.

ಚಳಿ ತಡೆಯಲೆಂದು ಹಸಿರುಮನೆಯ ಒಳಗೋಡೆಗೆ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಹೊದಿಸಲು ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು. ನಡುವಿನ ಹಾಳೆಯಲ್ಲಿ ಅವನ ಮುಖ ಚೂರುಚೂರಾಗಿ ಕಾಣುತ್ತಿತ್ತು. ಕಣ್ಣು ಮಾತ್ರ ತನ್ನ ಕಡೆಗೇ ಇದೆಯೆಂದು ಅವಳಿಗೆ ಗೊತ್ತಾಯಿತು.

"ಏನು ನೋಡ್ತಿದೀಯಾ?"

"ಮೂಗಿನ ಮೇಲೆ ಸುಣ್ಣ."

"ಒರೆಸಬಾರದಾ?"

ಅವನ ಕೈ ಮೇಲೇಳುವುದಕ್ಕೆ ಹೋಗಿ ಅಲ್ಲೇ ನಿಂತಿತು. "ಹಾಳೆ ಬಿಟ್ರೆ ಬಿದ್ದುಹೋಗುತ್ತೆ," ಅಂದ.

ಬೀಳಲಿ ಬಿಡೋ ಮಾರಾಯ ಅನ್ನಬೇಕೆನಿಸಿತು ಅವಳಿಗೆ. ಅನ್ನಲಿಲ್ಲ. ಅದರ ಬದಲು ಬೇರೆಯೇ ಮಾತು ಬಾಯಿಂದ ಬಿತ್ತು.

"ಈ ವರ್ಷ ಇಲ್ಲಿ ಹೀಟರ್ ಹಚ್ಚಲ್ಲ, ನೆವಿಲ್. ಸಾಕಾಗಿದೆ ನನಗೆ."

"ಸೀಮೆಎಣ್ಣೆ ನಾನು ತರ್ತೀನಲ್ಲ."

"ಎಣ್ಣೆ ಮಾತಲ್ಲ. ಸಾಕಾಗಿದೆ ಅಂದೆ."

ಅವನು ಉಳಿದ ಹಾಳೆಯನ್ನೂ ನೀಟಾಗಿ ಸಿಕ್ಕಿಸಿದ. "ಆಯ್ತು ಹಾಗಾದ್ರೆ," ಎಂದು ತಲೆ ತಗ್ಗಿಸಿಕೊಂಡು ಹೊರಟೇಬಿಟ್ಟ. ಕುಂಡಗಳ ಸಮೇತ ತಳ್ಳುಗಾಡಿ ಮರೆತಿದ್ದ.

ಸಂಜೆ ರೇಡಿಯೋ ಈ ರಾತ್ರಿ ಹಿಮ ಬೀಳುತ್ತದೆ ಎಂದಿತು. ಗ್ಲೆಂಡಾಗೆ ಮೈಯೆಲ್ಲ ಉರಿದುಹೋಯಿತು. ಮುನಿಸಿಕೊಂಡು ಹೋದವನು ತನ್ನ ಗಿಡಗಳನ್ನು ಸಾಯಿಸುವ ಪಾಪವನ್ನೂ ನನ್ನ ತಲೆಗೇ ಕಟ್ಟಿದನಲ್ಲ! ನೋಯುವ ಮಂಡಿಯಲ್ಲೇ ಗಾಡಿ ತಳ್ಳಿಕೊಂಡು ಚರ್ಚು ದಾಟಿದಳು. ಇಷ್ಟು ವರ್ಷದಲ್ಲಿ ಅವಳು ಅವನ ಮನೆಗೆ ಹೋದದ್ದೇ ಇಲ್ಲ. ಕುಂಡ ಹಿತ್ತಲಲ್ಲಿ ಇಳಿಸಿ, ಮುಖ ನೋಡದೆ ಬಂದುಬಿಡುವುದೆಂದು ಹಿಂದಿನ ಗೇಟು ತೆಗೆದಳು.

ಅಲ್ಲೊಂದು ಗಾಜಿನ ಕೋಣೆಯಿತ್ತು. ಒಳಗೆ ಉದ್ದಕ್ಕೂ ಮರದ ಹಲಗೆಗಳು, ಗೋಡೆಗೆ ಹೀಟರ್. ಹಲಗೆಗಳ ಮೇಲೆ ಒಂದೇ ಒಂದು ಗಿಡವಿರಲಿಲ್ಲ. ನಡುವೆ ಕುರ್ಚಿಯಲ್ಲಿ ನೆವಿಲ್ ಸುಮ್ಮನೆ ಕೂತಿದ್ದ. ಅವಳನ್ನು ಕಂಡದ್ದೇ ಕಳ್ಳನ ಹಾಗೆ ಎದ್ದು ಬಾಗಿಲು ತೆಗೆದ.

"ಇದು ಯಾವಾಗಿಂದ?"

"ಹೋದ ವರ್ಷ ಬೇಸಿಗೆಲಿ ಮಗಳು ಕಟ್ಟಿಸಿದ್ಲು. ಗಿಡಕ್ಕೆ ಅಂತ."

"ಹಾಗಿದ್ರೆ ಹೋದ ಚಳಿಗಾಲ ಇದನ್ನ ಖಾಲಿ ಇಟ್ಕೊಂಡು ನನ್ನ ಹತ್ರ ತಂದಿಟ್ಟೆಯಾ?"

"ಇಲ್ಲೇ ಇಟ್ರೆ ಶನಿವಾರ ಏನು ನೆಪ ಹೇಳ್ಕೊಂಡು ಬರಲಿ?"

ಗ್ಲೆಂಡಾ ಆ ಕುರ್ಚಿಯಲ್ಲಿ ದೊಪ್ಪನೆ ಕೂತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ನೆಪ ಇಲ್ದೆ ಬರೋಕೆ ಏನಾಗಿತ್ತು ನಿನಗೆ?"

"ಬೇಸಿಗೆಲಿ ನಿನ್ನ ಗೇಟಿನ ತನಕ ಬರ್ತಿದ್ದೆ, ಗ್ಲೆಂಡಾ. ಬರಿಗೈಲಿ ನಿಂತಿದೀನಿ ಅನ್ನಿಸಿ ವಾಪಸ್ ಹೋಗ್ತಿದ್ದೆ. ನನ್ನೊಬ್ಬನನ್ನೇ ಯಾಕೆ ಒಳಗೆ ಕರೀತೀಯಾ?"

"ದಡ್ಡ," ಅಂದಳು. "ಸಾಕಾಗಿದೆ ಅಂದಿದ್ದು ಗಿಡದ ಚಾಕರಿಗಲ್ಲ, ಮೇ ತಿಂಗಳಿಗೆ. ನೀನು ಗಾಡಿ ತುಂಬ್ಕೊಂಡು ಹೋಗೋದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ."

ನೆವಿಲ್ ಅವಳೆದುರು ಮಂಡಿಯೂರಿದ. ಮಂಡಿ ಲಟಕ್ಕೆಂದಿತು. ಈ ಸಲ ಕೈ ಅರ್ಧಕ್ಕೆ ನಿಲ್ಲಲಿಲ್ಲ, ಅವಳ ಕೆನ್ನೆಯ ತನಕ ಬಂತು. ಇಬ್ಬರೂ ಹಾಗೇ ಇದ್ದರು. ಎದ್ದು ನಿಲ್ಲುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ಕೊನೆಗೆ ಅವಳೇ ಅಂದಳು, "ಕುಂಡ ಒಳಗೆ ತಗೊಂಡು ಬಾ. ಇಲ್ಲೇ ಇರಲಿ ಅವು."

ಅವನ ಮುಖ ಸಣ್ಣಗಾಯಿತು. "ಅಂದ್ರೆ ಶನಿವಾರ ನಾನು..."

"ಬರಿಗೈಲಿ ಬಾ," ಅಂದಳು ಗ್ಲೆಂಡಾ. "ಭಾನುವಾರಾನೂ."