ಎರಡನೇ ಗುಂಡಿಯ ಕೆಳಗೆ

ಮೊದಲ ಸಲ ಅವಳನ್ನು ಕಂಡಾಗ ಸಿಡುಕನ ಕೈಯಲ್ಲಿ ಕಲ್ಲಿತ್ತು. ಯಾರೋ ಹೆಂಗಸು ಅವನ ಹೊಲದ ನಡುವೆ ಕೂತು, ಮೊಣಕಾಲೆತ್ತರದ ಜೋಳವನ್ನು ಬುಡಕ್ಕೇ ಕತ್ತರಿಸಿ ಚೀಲಕ್ಕೆ ತುಂಬುತ್ತಿದ್ದಳು. ಇದಕ್ಕಿಂತ ಸಣ್ಣ ಕಾರಣಕ್ಕೆ ಅವನು ಜನರ ಹಲ್ಲು ಉದುರಿಸಿದ್ದ. ಊರು ಅವನನ್ನು ಸಿಡುಕ ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ಎಸೀರಿ," ಅಂದಳು ಅವಳು, ತಲೆ ಎತ್ತದೆ. "ಚೀಲಕ್ಕೆ ಮಾತ್ರ ಬೀಳ್ಬಾರದು. ತೂಕ ತಪ್ಪುತ್ತೆ."

ಕಲ್ಲು ಕೈಯಲ್ಲೇ ಉಳಿಯಿತು.

"ನಿಮ್ಮ ಅಮ್ಮನನ್ನ ಕೇಳೇ ಬಂದಿದೀನಿ. ಮೇಲಿಂದ ಒಂದು ಉಪಗ್ರಹ ಈ ಪೈರನ್ನ ನೋಡುತ್ತೆ. ಅದು ಹೇಳೋದು ನಿಜಾನಾ ಅಂತ ನಾವು ಕೆಳಗೆ ಕತ್ತರಿಸಿ, ಒಣಗಿಸಿ, ತೂಗಿ ನೋಡ್ಬೇಕು."

"ಅಂದ್ರೆ ಕೊಂದು ನೋಡೋದು."

"ಹೌದು. ನಿಮ್ಮ ಬಗ್ಗೆ ಊರಲ್ಲಿ ಕೇಳಿದೆ. ನಮ್ಮಿಬ್ಬರದೂ ಒಂದೇ ಕಸುಬು." ಈಗ ತಲೆ ಎತ್ತಿದಳು. ನಗು ಕಣ್ಣಂಚಿನಲ್ಲಿ ಮಾತ್ರ ಇತ್ತು, ಅಷ್ಟಕ್ಕೇ ಅವನು ಕಲ್ಲು ಬಿಟ್ಟು ಚೀಲ ಹೊತ್ತ. ಆ ಬೆಳೆ ಎದೆಯೆತ್ತರ ಬರುವ ತನಕ ಹೊರುತ್ತಲೇ ಇದ್ದ.

ಕೊನೆಯ ವಾರ ಅವಳು ಮೂರು ಅಲ್ಯೂಮಿನಿಯಂ ಹಲಗೆಗಳನ್ನು ಮೂಲೆಯ ಹಾಗೆ ಜೋಡಿಸಿ ಹೊಲದಲ್ಲಿ ನಿಲ್ಲಿಸಿದಳು. ಉಪಗ್ರಹದ ರೇಡಾರ್ ಆ ಮೂಲೆಗೆ ಬಡಿದು ಹಿಂದಿರುಗಿದರೆ ಚಿತ್ರದಲ್ಲಿ ಬಿಳಿ ಚುಕ್ಕಿ ಬೀಳುತ್ತದೆ. ಹನ್ನೆರಡು ಹೊಲಗಳಲ್ಲಿ ಹನ್ನೆರಡು ಮೂಲೆ, ಕಾಯಲು ಹನ್ನೆರಡು ಜನ. ಕೋನ ಅಳೆಯುವ ಉಪಕರಣ ಮಾತ್ರ ಒಂದೇ.

"ಗಾಳಿಗೆ ಅಲುಗಿದ್ರೆ ಹೇಗೆ ಸರಿ ಮಾಡ್ತೀರಾ? ಹಿಂದೆ ಬಂದು ನಿಲ್ಲಿ. ನೇರ. ಗೂನು ಹಾಕಿದ್ರೆ ಲೆಕ್ಕ ಕೆಡುತ್ತೆ."

ಅವನು ಉಸಿರು ಬಿಗಿಹಿಡಿದು ನಿಂತ. ಹಲಗೆಯ ತುದಿ ಎದೆಗೆ ತಾಕುವ ಜಾಗದಲ್ಲಿ, ಅಂಗಿಯ ಎರಡನೇ ಗುಂಡಿಯ ಕೆಳಗೆ, ಅವಳು ಬೆರಳಿಟ್ಟಳು.

"ತುದಿ ಇಲ್ಲಿಗೆ ಬರ್ಬೇಕು. ನೆನಪಿರುತ್ತಾ?"

"ಸತ್ತರೂ ಇರುತ್ತೆ."

ಬೆರಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಿತ್ತು. ಆಮೇಲೆ ಅವಳು ಅವನ ವಾಚಿನ ಮುಳ್ಳು ಸರಿಮಾಡುತ್ತಾ, ಮುಖ ನೋಡದೆ ಹೇಳಿದಳು: "ನಾಳೆ ಬೆಳಿಗ್ಗೆ ಆರು ಹತ್ತಕ್ಕೆ ಉಪಗ್ರಹ ಮೇಲೆ ಹಾದು ಹೋಗುತ್ತೆ. ಈ ಚುಕ್ಕಿ ಬರದಿದ್ರೆ ಮುಂದಿನ ವರ್ಷದ ಪಟ್ಟಿಯಲ್ಲಿ ಈ ಹೊಲ ಇರಲ್ಲ."

"ನೀವು?"

"ಹೊಲ ಇಲ್ಲದಿದ್ರೆ ನಾನ್ಯಾಕೆ ಬರ್ಲಿ?"

ಮರುದಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಅಣ್ಣ ಬಂದ. ಕೈಯಲ್ಲಿ ಹಾರೆ, ಹಿಂದೆ ಅವನ ಹೆಂಡತಿಯ ತಮ್ಮ.

"ನಮ್ಮಿಬ್ಬರ ಪಾಲಿನ ಹೊಲಕ್ಕೆ ಸರ್ವೆಯವರನ್ನ ಕರೆಸಿ ಗುರುತು ನೆಡಿಸಿದೀಯಾ? ನಾಳೆ ಜಮೀನು ಕಿತ್ಕೊಳ್ಳೋಕೆ ಬುಲ್ಡೋಜರ್ ಬರುತ್ತೆ ಕಣೋ."

"ಸರ್ವೆ ಅಲ್ಲಣ್ಣ. ಅರ್ಧ ಗಂಟೆ ತಡಿ. ಆಮೇಲೆ ನಾನೇ ಕಿತ್ತು ಕೊಡ್ತೀನಿ."

ಅಣ್ಣ ತಡೆಯಲಿಲ್ಲ. ಮೊದಲ ಏಟಿಗೆ ಹಲಗೆಗಳ ಒಂದು ಕಾಲು ಮುರಿದು ಮೂಲೆ ಮಗುಚಿತು. ಎರಡನೇ ಏಟು ಅಡ್ಡ ಬಂದ ಸಿಡುಕನ ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ ಅಂದಿತು. ಭಾವಮೈದ ಹಿಂದಿನಿಂದ ಕುತ್ತಿಗೆ ಅಮುಕಿದ. ಸಿಡುಕ ಆ ಕೈಗೆ ಹಲ್ಲು ಇಳಿಸಿ, ಬಾಯಿಗೆ ರಕ್ತದ ಉಪ್ಪು ಬರುವ ತನಕ ಬಿಡಲಿಲ್ಲ. ಭಾವಮೈದ ಕಿರುಚಿಕೊಂಡು ಓಡಿದ ಮೇಲೆ ಉಳಿದವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ಜೋಳವನ್ನು ನೆಲಸಮ ಮಾಡುತ್ತಾ ಉರುಳಾಡಿದರು. ಅಂಗಿ ಹರಿದು ಗುಂಡಿಗಳೆಲ್ಲ ಮಣ್ಣು ಪಾಲಾದವು. ಅಣ್ಣನ ಹೆಬ್ಬೆರಳು ಅವನ ಕಣ್ಣು ಹುಡುಕಿತು, ಅವನ ಮುಷ್ಟಿ ಅಣ್ಣನ ದವಡೆ ಮುರಿಯಿತು.

ಕೊನೆಗೆ ಹಾರೆ ಸಿಡುಕನ ಕೈಗೆ ಬಂತು. ಕೆಳಗೆ ಅಣ್ಣನ ಮುಖ, ರಕ್ತ ಮಣ್ಣು ಕಲೆತು ಗುರುತೇ ಸಿಗದ ಹಾಗಿತ್ತು. ಅವನು ಹಾರೆ ಎತ್ತಿದ. ಎತ್ತಿದ ಕೈಯಲ್ಲಿ ವಾಚು ಕಂಡಿತು. ಆರು ಗಂಟೆ ಆರು ನಿಮಿಷ.

ಕೊಲ್ಲುವ ಆಸೆ ಅವನಿಗೆ ನಿಜವಾಗಿಯೂ ಇತ್ತು. ಅವಳು ಮತ್ತೆ ಬರಲಿ ಅನ್ನುವ ಆಸೆ ಅದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಿತ್ತು.

ಹಾರೆಯನ್ನು ದೂರ ಎಸೆದು, ತೆವಳಿ, ಮೂಲೆಯನ್ನು ಎತ್ತಿದ. ಕಾಲು ಮುರಿದದ್ದರಿಂದ ಹಿಂದೆ ನಿಂತು ಹಿಡಿದುಕೊಳ್ಳಲೇಬೇಕಿತ್ತು. ಗುಂಡಿ ಇರಲಿಲ್ಲ, ಅಂಗಿಯೇ ಇರಲಿಲ್ಲ. ಅವಳು ಬೆರಳಿಟ್ಟ ಜಾಗ ಮಾತ್ರ ಎದೆಯಲ್ಲಿ ಹಾಗೇ ಇತ್ತು. ತುದಿಯನ್ನು ಅಲ್ಲಿಗೆ ತಂದ. ನೇರ ನಿಲ್ಲಲು ಹೋದಾಗ ಮುರಿದ ಪಕ್ಕೆ ಚುಚ್ಚಿ ಕಣ್ಣು ಕತ್ತಲೆ ಬಂತು. ಆದರೂ ನೇರ ನಿಂತ.

ಬಿದ್ದಲ್ಲಿಂದಲೇ ಅಣ್ಣ ಹೆಂಟೆ ಎಸೆದ. ಆಮೇಲೆ ಕಲ್ಲು. ಒಂದು ಬೆನ್ನಿಗೆ ಬಿತ್ತು, ಇನ್ನೊಂದು ತಲೆಯ ಹಿಂಭಾಗಕ್ಕೆ. ಬಿಸಿ ರಕ್ತ ಬೆನ್ನುಮೂಳೆಯ ಗುಂಟ ಇಳಿಯಿತು. ಸಿಡುಕ ತಿರುಗಲಿಲ್ಲ, ಬಾಗಲೂ ಇಲ್ಲ. ಆಕಾಶದಲ್ಲಿ ಏನೂ ಕಾಣಲಿಲ್ಲ. ಆರು ಹನ್ನೆರಡಕ್ಕೆ ಮೂಲೆಯನ್ನು ಹುಷಾರಾಗಿ ಮಲಗಿಸಿ, ಪಕ್ಕದಲ್ಲಿ ತಾನೂ ಬಿದ್ದ.

ನಾಲ್ಕನೇ ದಿನ ಅವಳು ಲ್ಯಾಪ್‌ಟಾಪ್ ಹಿಡಿದು ಆಸ್ಪತ್ರೆಗೆ ಬಂದಳು. ಅಣ್ಣ ಪಕ್ಕದ ವಾರ್ಡಿನಲ್ಲಿ ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದ. ಅವನ ಬಾಯಿ ಇಷ್ಟು ದಿನ ಸುಮ್ಮನಿದ್ದದ್ದು ಇದೇ ಮೊದಲು ಎಂದು ಅಮ್ಮ ಇಬ್ಬರ ನಡುವೆ ಓಡಾಡುತ್ತಾ ಬೈಯುತ್ತಿದ್ದಳು.

"ಎಣಿಸಿ," ಅಂದಳು ಅವಳು.

ಬೂದು ಚಿತ್ರದಲ್ಲಿ ಬಿಳಿ ಚುಕ್ಕಿಗಳು. ಊದಿದ ಕಣ್ಣಿನಿಂದ ಎರಡು ಸಲ ಎಣಿಸಿದ. ಹನ್ನೆರಡು.

"ಆದ್ರೆ ನಿಮ್ಮದು ಸ್ವಲ್ಪ ಮಂಕು. ಕೋನ ಮೂರು ಡಿಗ್ರಿ ತಪ್ಪಿದೆ."

ಅವನ ಮುಖ ಸಪ್ಪಗಾಯಿತು. "ನಾನು ನೇರ ನಿಂತಿದ್ದೆ ಮೇಡಂ. ನೀವು ತೋರಿಸಿದ ಜಾಗಕ್ಕೇ ಹಿಡಿದಿದ್ದೆ. ಆ ಜಾಗ ನಂಗೆ ತಪ್ಪಲ್ಲ."

"ಗೊತ್ತು." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ತಪ್ಪಿದ್ದು ನೀನಲ್ಲ. ಅವತ್ತು ತೋರಿಸುವಾಗ ನನ್ನ ಕೈ ನಡುಗ್ತಿತ್ತು."

ಅವನು ಲ್ಯಾಪ್‌ಟಾಪಿನ ಮೇಲಿದ್ದ ಅವಳ ಕೈಯನ್ನೇ ನೋಡಿದ.

"ಇಲ್ಲಿರ್ಬೇಕಿತ್ತು," ಅಂದು ಅವಳು ಬ್ಯಾಂಡೇಜಿನ ಮೇಲೆ, ಹಳೆಯ ಜಾಗಕ್ಕಿಂತ ಒಂದು ಬೆರಳು ಮೇಲಕ್ಕೆ ಮುಟ್ಟಿದಳು. ಕೈ ಈಗಲೂ ನಡುಗುತ್ತಿತ್ತು. ಅವಳು ತೆಗೆಯಲಿಲ್ಲ.