ಏಸಿ ಗುಂಡಿ ಮ್ಯಾಲಿನ ಸುಣ್ಣ

ಧಡ್!

ತಾಟ ಬಿಟ್ಟು ಎಲ್ಲಾರೂ ಅಂಗಳಕ್ಕ ಓಡಿದ್ವಿ. ಹತ್ತರಗಿ ಊರಿನ ಬಿಸಲು ಕಣ್ಣಿಗಿ ಹೊಡೀತು. ಶೆಟ್ಟೆಪ್ಪ ಕಾಕಾನ ಕಾರು ಕುರಿದೊಡ್ಡಿ ಗ್ವಾಡ್ಯಾಗ ಮಾರಿ ತುರಕಿ ನಿಂತಿತ್ತು. ಅರ್ಧಾ ಗ್ವಾಡಿ ಬಿದ್ದಿತ್ತು. ಮರಿಗೋಳು ಒದರಾಕತ್ತಿದ್ವು. ಪುಣ್ಯಾಕ ಒಂದಕ್ಕೂ ಪೆಟ್ಟ ಆಗಿರಲಿಲ್ಲ.

ಕಾರಿನ್ಯಾಗ ಯಾರೂ ಇಲ್ಲ! ಬಾಗಲಾ ಲಾಕ್. ಕೀಲಿ ಮನ್ಯಾಗ ಗೂಟಕ್ಕ ಜೋತಾಡಾಕತ್ತೈತಿ.

"ದೆವ್ವ ಏನಪ್ಪಾ?" ಅಂದ್ಲು ಕಾಕಾನ ಮಗಳು ರಾಧಿಕಾ.

"ದೆವ್ವ ಅಲ್ಲ, ಆಗಾಂವ ಅಳಿಯಾ!" ಕಾಕಾ ಗೇಟಿನ ಕಡೆ ಬಟ್ಟ ತೋರ್ಸಿದ.

ಫೋನ್ ಬಂತಂತ ಊಟದಾಗ ಎದ್ದು ಹೋಗಿ ಅಲ್ಲಿ ನಿಂತಾಂವ ನಮ್ಮಣ್ಣ ಯಲ್ಲೇಶ. ಗೋಕಾಕದಾಗ ಕಾರಿನ ಸಾಮಾನಿನ ಅಂಗಡಿ ಐತಿ ಅವಂದು. ಈ ಕಾರಿಗಿ ರಿಮೋಟ್ ಸ್ಟಾರ್ಟರ್ ಕೂಡ್ಸಿದಾಂವ ಅವನ. ದೂರ ನಿಂತು ಬಟನ್ ಒತ್ತಿದ್ರ ಎಂಜಿನ್ ಚಾಲೂ. ಏಸಿ ಮೊದಲ ಹಚ್ಚಿಟ್ಟಿದ್ರ ಹತ್ತೂದ್ರಾಗ ಒಳಗ ತಂಪು! ಅವತ್ತ ನಾವು ಹೋಗಿದ್ದು ರಾಧಿಕಾನ್ನ ಅಣ್ಣಗ ಕೇಳಾಕ. ಶೆಟ್ಟೆಪ್ಪಗ ನಾ ಕಾಕಾ ಅನ್ನೂದು ಬರೇ ರೂಢಿ, ರಕ್ತಸಂಬಂಧ ಅಲ್ಲ.

"ಸ್ಟಾರ್ಟರ್ ಡಬ್ಬಿ ಮ್ಯಾಲ ಎರಡ ರಿಮೋಟ್ ಚಿತ್ರಾ ಐತಿ. ಮನ್ಯಾಗ ಒಂದ ಐತಿ. ಇನ್ನೊಂದ ಎಲ್ಲೋ?" ಅಂದ ಕಾಕಾ.

"ಇಲ್ಲೇ ಕೊಟ್ಟೇನ್ರಿ ಮಾವಾರ."

"ಯಾರ ಕೈಯಾಗ?"

ಅಣ್ಣ ನೆಲಾ ನೋಡ್ದ.

"ಆಟಾ ಆಡಾಕ ನನ್ನ ಮರಿಗೋಳ ಬೇಕಾದ್ವು ಏನ? ಸುಳ್ಳ ಹೇಳಾಂವಗ ಹೆಣ್ಣ ಕೊಡೂದಿಲ್ಲ. ನಡೀರಿ!"

ರಾಧಿಕಾನ ಕಣ್ಣ ತುಂಬಿದ್ವು.

* * *

"ಕಾಕಾ, ತಡೀರಿ. ಕಾರ ಒಮ್ಮಿ ನೋಡ್ತೇನಿ," ಅಂದೆ ನಾನು.

"ನೋಡವ್ವಾ ಅರ್ಚನಾ. ಅಣ್ಣನ ತಂಗಿನ ಅಲ್ಲ ನೀ!"

ಕೀಲಿ ತಂದು ಬಾಗಲಾ ತಗದೆ. ಗಾಡಿ ಮೊದಲನೇ ಗೇರಿನ್ಯಾಗ ಐತಿ!

"ದಿನಾ ರಾಧಿಕಾ ಗಾಡಿ ನಿಲ್ಲಸ್ತಾಳ. ನಿನ್ನೆ ನಿಲ್ಲಿಸಿದವರ ಯಾರ?"

"ನಾನ. ಹುಕ್ಕೇರಿ ಸಂತಿಯಿಂದ ಬಂದು."

"ಗೇರ್ ಹಾಕಿ ಬಿಟ್ಟೀರಿ?"

"ಮತ್ತ? ಕುರಿ ಕಟ್ಟಲಾರದ ಬಿಡ್ತಾರೇನ? ಗೇರ್ ಹಾಕಿ, ಹಿಂದಿನ ಗಾಲಿ ಹಿಂದ ಕಲ್ಲ ಇಟ್ಟೇನಿ."

"ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೀರಿ ಅಂತ ಅಣ್ಣ ಬಡಕೊಂಡಿದ್ದ. ಗೇರಿನ್ಯಾಗ ಇದ್ದಾಗ ಬಟನ್ ಒತ್ತಿದ್ರ ಗಾಡಿ ಮುಂದ ಜಿಗೀತೈತಿ, ಕಾಕಾ. ನಿಮ್ಮ ಕಲ್ಲ ಹಿಂದ ಕುಂತಿತ್ತು!"

ಕಾಕಾ ಬಗ್ಗಿ ಕಲ್ಲ ನೋಡ್ದ. ಗಾಡಿ ಹೆಂಗ ಜಿಗೀತು, ತಿಳೀತು. ಒತ್ತಿದವರ ಯಾರು?

ಏಸಿ ಗುಂಡಿ ಪೂರ್ತಿ ತಿರುವಿತ್ತು. ಅದರ ಮ್ಯಾಲ ಬೆಳ್ಳನ ಹೆಬ್ಬಟ್ಟಿನ ಗುರುತು. ಮುಟ್ಟಿ ನೋಡ್ದೆ. ಸುಣ್ಣ! ನಮ್ಮಣ್ಣ ಎಲಿಅಡಿಕಿ ಮುಟ್ಟಾಂವ ಅಲ್ಲ. ಮುಂದಿನ ಸೀಟಿನ ಮ್ಯಾಲ ಮಡಚಿದ ಕೌದಿ.

"ಇಲ್ಲಿ ಯಾರ ಕುಂಡ್ರತಾರ?"

"ನಾನ," ಅಂದ್ಲು ಕಾಕಾನ ಹೇಣ್ತಿ ಅಲ್ಲವ್ವ ಕಾಕಿ. ಟೊಂಕದ ಆಪರೇಷನ್ ಆದಾಗಿಂದ ವಾರಕ್ಕೊಮ್ಮಿ ಗೋಕಾಕ ದವಾಖಾನಿಗಿ ಹೋಗ್ತಾಳ. ಇವತ್ತೂ ಊಟಾ ಮಾಡಿ ಹೋಗೂದಿತ್ತು. "ಬಿಸಿ ಕಾರಿನ್ಯಾಗ ವಾಂತಿ ಬರತೈತವ್ವಾ. ಅದಕ್ಕ ಇವರು ಮೊದಲ ತಂಪ ಮಾಡಿ ಇಡ್ತಾರ." ನಾಚಿಕೊಂಡು ಗಂಡನ ನೋಡಿದ್ಲು.

"ನಾ? ಆ ರಿಮೋಟ್ ನಾ ಮುಟ್ಟೇ ಇಲ್ಲ!"

"ನೀನೇನ ರಾಧಿಕಾ?"

"ಇಲ್ಲಕ್ಕಾ. ಅಪ್ಪಾ ಹಾಕಿರ್ತಾನ ಅಂತ ನಾನೂ ತಿಳದಿದ್ದೆ."

* * *

ಕಟ್ಟಿ ಮ್ಯಾಲ ಕಾಕಾನ ತಾಯಿ ಸತ್ತೆವ್ವ ಅಜ್ಜಿ ಕುಂತಿದ್ಲು. ಅತ್ತಿ ಸೊಸಿ ಮಾತ ಬಿಟ್ಟು ವರ್ಷಾಗಿತ್ತು. ಒಂದ ಒಲಿ, ಎರಡ ಮಾರಿ. ನಾ ಹೋಗಿ ಬಾಜೂಕ ಕುಂತೆ.

"ಅಜ್ಜಿ, ಒಂದ ಎಲಿ ಕೊಡ."

ಅಜ್ಜಿ ಎಲಿಚಂಚಿ ಅವಚಿಕೊಂಡ್ಲು. ಆಮ್ಯಾಲ ತಾನ ಬಿಚ್ಚಿದ್ಲು. ಎಲಿ, ಅಡಿಕಿ, ಸುಣ್ಣದ ಡಬ್ಬಿ. ಅದರ ಬಾಜೂಕ ಕರೀ ರಿಮೋಟ್!

"ನಾನ ಒತ್ತಿದ್ದು. ಈ ಹುಡುಗನ ರಿಮೋಟ್ ಕೊಟ್ಟು ಕಲಿಸಿದ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದೆ. ಮದವಿ ಮುರದ್ರೂ ಹೇಳಲಿಲ್ಲ ನೋಡ, ಹುಚ್ಚಪ್ಯಾಲಿ."

"ಯವ್ವಾ, ಬಾಗಲಾ ತಗದು ಏಸಿ ಹಚ್ಚಾಕಿನೂ ನೀನ?" ಅಂದ ಕಾಕಾ.

"ಹೂಂ. ಅದರಾಗ ಬಾಗಲದ ಬಟನ್ನೂ ಐತಿ."

"ಮುಚ್ಚಿಟ್ಟಿದ್ದ್ಯಾಕ?"

"ಮಾತ ಬಿಟ್ಟಾಕಿಗಿ ತಂಪ ಮಾಡಾಕತ್ತೇನಿ ಅಂತ ಯಾವ ಬಾಯಿಲೆ ಹೇಳ್ಲಿ?"

ಕಾಕಾ ಟಾವೆಲ್ಲಿನಿಂದ ಮಾರಿ ಒರಸಿಕೊಂಡ. ಗೇಟಿಗಿ ಹೋದ. "ಅಳಿಯಂದ್ರ, ಒಳಗ ಬರ್ರಿ. ತಾಟಿನ್ಯಾಗ ಹೋಳಗಿ ಹಂಗ ಐತಿ."

ಅಲ್ಲವ್ವ ಕಾಕಿ ಟೊಂಕ ಹಿಡಕೊಂಡು ಕಟ್ಟಿಗಿ ಬಂದ್ಲು. ರಿಮೋಟ್ ತಗೊಂಡು ಸುಣ್ಣಾ ಒರಸಿದ್ಲು. ತಿರುಗಿ ಅತ್ತಿ ಕೈಯಾಗ ಇಟ್ಲು.

"ಏಸಿ ಇಷ್ಟ ಜೋರ ಹಚ್ಚಬ್ಯಾಡ್ರಿ ಅತ್ತಿ. ಮೊಣಕಾಲಿಗಿ ಥಂಡಿ ಹೊಡೀತೈತಿ."

ಅಜ್ಜಿ ಆಚೆ ಮಾರಿ ತಿರುವಿದ್ಲು.

"ಮತ್ತ ಕೌದಿ ಯಾಕ ಇಟ್ಟೇನಿ? ಹೊಚ್ಚಕೋ."