ಹೇಮಗುಡ್ಡದಾಚೆಯ ಮೂರು ಹುಲಿಗಳು

"ಗುಡ್ಡ ಹತ್ರಿ ಅಕ್ಕಾರ, ಬ್ಯಾಡನ್ನಂಗಿಲ್ಲ. ಮಂಟಪ ನೋಡ್ರಿ, ಕೈಮುಗದು ಬರ್ರಿ. ಆದ್ರ ಆ ಹಾಸುಗಲ್ಲಿನ ಮ್ಯಾಲೆ ಕುರಿ ಇಡಬ್ಯಾಡ್ರಿ."

ಕುರಿ ಕಾಯುವ ಮುದಕಮ್ಮ ದಾರಿಗೆ ಕೋಲು ಅಡ್ಡ ಹಿಡಿದೇ ಈ ಮಾತು ಹೇಳಿದಳು. ಶೇಖರಮ್ಮ ನಕ್ಕುಬಿಟ್ಟಳು.

"ಯಾಕವ್ವಾ, ಹುಲಿ ಹರಕೊಂಡು ತಿಂತೈತೇನು?"

"ತಿಂತೈತ್ರಿ. ಕುರೀನಲ್ಲ, ಇಟ್ಟವ್ರನ್ನ."

1985ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಹೇಮಗುಡ್ಡದ ದುರ್ಗಮ್ಮನ ಗುಡಿಯಿಂದ ಎರಡು ಮೈಲಿ ಆಚೆಗಿರುವ ಬೋಳುಗುಡ್ಡದ ಬುಡದಲ್ಲಿ ನಡೆದ ಮಾತು ಇದು. ಹೊತ್ತು ಇನ್ನೂ ಹತ್ತು ದಾಟಿರಲಿಲ್ಲ, ಆಗಲೇ ಬಂಡೆಗಳು ಕಾದ ಹಂಚಿನಂತೆ ಉಸಿರು ಬಿಡುತ್ತಿದ್ದವು. ಶೇಖರಮ್ಮ ಮುದುಕಿಯ ಕೋಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹತ್ತತೊಡಗಿದಳು.

ಹುಬ್ಬಳ್ಳಿಯಿಂದ ಗಂಗಾವತಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ವರ್ಗವಾಗಿ ಬಂದು ಅವಳಿಗೆ ಮೂರು ತಿಂಗಳು. ವಯಸ್ಸು ಮೂವತ್ತಾರು. ಸೀರೆ ಇಡುವ ಟ್ರಂಕಿನಲ್ಲಿ ಸೀರೆಗಿಂತ ಆಟದ ಸಾಮಾನೇ ಹೆಚ್ಚು: ಪಗಡೆ ಹಾಸು, ಚದುರಂಗ, ಅಳಗುಳಿ ಮಣೆ, ಚೌಕಾಬಾರದ ಕವಡೆ. "ಇನ್ನೂ ಆಡೋ ವಯಸ್ಸೇನ್ರಿ?" ಎಂದು ಕೇಳಿದ ಸೂಪರ್‌ವೈಸರ್ ಉಮಾಪತಿಗೆ ಅವಳು, "ನೀವು ಎಲಿ-ಅಡಿಕಿ ಬಿಟ್ಟ ದಿನಾ ನಾ ಆಟಾ ಬಿಡ್ತೀನ್ರಿ ಸರ್" ಎಂದಿದ್ದಳು. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಯಾರೋ ಎಂದೋ ಕೊರೆದುಹೋದ ಆಟದ ಮನೆಗಳನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಅವಳ ರಜೆಯ ದಿನಗಳ ಹುಚ್ಚು. ಆನೆಗೊಂದಿಯ ಸುತ್ತಮುತ್ತ ಈಗಾಗಲೇ ಇಪ್ಪತ್ತೆರಡು ಸಿಕ್ಕಿದ್ದವು. ಇಂದಿನದು ಇಪ್ಪತ್ತಮೂರನೆಯದು. ಕಿನ್ನಾಳದ ಗೊಂಬೆಗಾರ ಹೇಮಪ್ಪನಿಂದ ಕೆತ್ತಿಸಿ, ಎರಡು ವಾರ ಕೂತು ತಾನೇ ಬಣ್ಣ ಹಚ್ಚಿದ ಹದಿನೈದು ಪುಟ್ಟ ಮರದ ಕುರಿಗಳು ಅವಳ ಚೀಲದಲ್ಲಿದ್ದವು. ಒಂದೊಂದೂ ಹೆಬ್ಬೆರಳ ಗಾತ್ರ. ಒಂದೊಂದರ ಮುಖವೂ ಬೇರೆ.

ಮಂಟಪದೊಳಗೆ ಕಾಲಿಟ್ಟೊಡನೆ ಕಣ್ಣು ಕತ್ತಲೆಗಟ್ಟಿತು. ಹೊರಗಿನ ಬೆಂಕಿಯಂಥ ಬಿಸಿಲು ಮೂರು ಮಾರು ಒಳಗೆ ಬಂದು, ಅಂಜಿದಂತೆ ಅಲ್ಲಿಯೇ ನಿಂತಿತ್ತು. ಬಾವಲಿ ಹಿಕ್ಕೆಯ ಘಾಟು, ಕಮಟು ಎಣ್ಣೆಯ ವಾಸನೆ, ಅದರಡಿಯಲ್ಲಿ ಇನ್ನೇನೋ ಕೊಳೆತ ಸಿಹಿ. ಎಲ್ಲಿಯೋ ಒಂದೇ ಸಮನೆ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಹೊಂದಿಕೊಂಡಂತೆ ಹಾಸುಗಲ್ಲಿನ ಗೆರೆಗಳು ಮೂಡಿದವು. ಹುಲಿ-ಕುರಿ ಆಟದ ಮನೆ. ಅದರ ತುದಿಯಲ್ಲಿ ಮೂರು ಕರಿಕಲ್ಲಿನ ಹುಲಿಗಳು. ಸುತ್ತಲೂ ಬೆರಳು ದಪ್ಪ ಧೂಳಿದ್ದರೂ ಹುಲಿಗಳ ಮೈ ಈಗಷ್ಟೇ ಎಣ್ಣೆ ಒರೆಸಿದಂತೆ ಹೊಳೆಯುತ್ತಿತ್ತು.

ಶೇಖರಮ್ಮನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಇಂಥ ಕಾಯಿಗಳನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಗೆರೆಗಳನ್ನೆಲ್ಲ ಬರೆದುಕೊಂಡಳು. ಆಮೇಲೆ ಕೈ ಸುಮ್ಮನಿರಲಿಲ್ಲ. ಜೊತೆಯಿಲ್ಲದಾಗ ಎರಡೂ ಕಡೆ ತಾನೇ ಆಡುವುದು ಅವಳಿಗೆ ರೂಢಿ. ಚೀಲ ಬಿಚ್ಚಿ ಒಂದು ಕುರಿ ಇಟ್ಟಳು.

ಕರ್ರ್... ಎಂದು ಕಲ್ಲು ಕಲ್ಲನ್ನು ಕೆರೆದ ಸದ್ದು.

ನಡುವಿನ ಹುಲಿ ಒಂದು ಮನೆ ಮುಂದೆ ಬಂದಿತ್ತು. ತಾನೇ ಸರಿಸಿ ಮರೆತೆನೇನೋ ಎಂದುಕೊಂಡಳು. ಎರಡನೆಯ ಕುರಿ. ಕರ್ರ್. ಮೂರನೆಯದು. ಈ ಸಲ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ರೆಪ್ಪೆ ತಾನಾಗಿಯೇ ಮುಚ್ಚಿ ತೆರೆಯಿತು, ಅಷ್ಟರಲ್ಲಿ ಹುಲಿ ಕುರಿಯನ್ನು ಹಾರಿ ಆಚೆಯ ಮನೆಯಲ್ಲಿ ಕೂತಿತ್ತು. ಕುರಿ ಗೆರೆಯ ಹೊರಗೆ ಬಿದ್ದಿತ್ತು. ಎತ್ತಿ ನೋಡಿದರೆ ಕುತ್ತಿಗೆಯ ಬಣ್ಣ ಕಿತ್ತು, ಮರದಲ್ಲಿ ಹಲ್ಲಿನ ಗುರುತು.

ಅದೇ ಗಳಿಗೆಗೆ ಬಾವಲಿಯ ಘಾಟು ನಿಂತುಹೋಯಿತು. ಎಣ್ಣೆಯ ಕಮಟೂ ಇಲ್ಲ. ತನ್ನ ಬೆವರಿನ ವಾಸನೆಯೂ ಇಲ್ಲ.

"ಛಲೋ ಆತು ಬಿಡು," ಎಂದಳು ಜೋರಾಗಿ. ಧೈರ್ಯಕ್ಕೋ ಹಟಕ್ಕೋ ನಾಲ್ಕನೆಯ ಕುರಿ ಇಟ್ಟಳು. ಹುಲಿ ಇನ್ನೊಂದನ್ನು ಹಾರಿತು. ಬಾಯಿ ಏಕೋ ಸಪ್ಪಗಾಯಿತು. ಬುತ್ತಿಯಿಂದ ನಿಂಬೆ ಉಪ್ಪಿನಕಾಯಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಮಣ್ಣು. ಬೆಲ್ಲ ಕಚ್ಚಿದಳು. ಮಣ್ಣು.

ಆಗ ಅವಳ ಕಣ್ಣು ಹಾಸುಗಲ್ಲಿನ ಆಚೆ ಬದಿಗೆ ಹೋಯಿತು. ಬರುವಾಗ ಅಲ್ಲಿ ಧೂಳು ಸಮನಾಗಿತ್ತು. ಈಗ ಎರಡು ಗುಳಿಗಳಿದ್ದವು. ಮೊಳಕಾಲೂರಿ ಕೂತವರವು.

ಎದ್ದಳು. ಓಡಿದಳು. ಗುಡ್ಡದ ಬುಡದವರೆಗೂ ನಿಲ್ಲಲಿಲ್ಲ.

"ಎರಡು ಕುರಿ ಹೋದ್ವು. ವಾಸನಿ ಇಲ್ಲ, ರುಚಿ ಇಲ್ಲ," ಎಂದ ಶೇಖರಮ್ಮನನ್ನು ಮುದಕಮ್ಮ ಕೈ ಹಿಡಿದು ತನ್ನ ಗುಡಿಸಲಿಗೆ ಕರೆದೊಯ್ದಳು. ಹೊಸ್ತಿಲ ಪಕ್ಕ, ಕಂಬಕ್ಕೆ ಒರಗಿಸಿಟ್ಟಂತೆ ಒಬ್ಬ ಗಂಡಸು ಕೂತಿದ್ದ. ಕಣ್ಣು ತೆರೆದೇ ಇತ್ತು, ನೋಟವಿರಲಿಲ್ಲ. ಮುಖದ ಮೇಲೆ ನೊಣಗಳು ಹರಿದಾಡುತ್ತಿದ್ದವು, ಚರ್ಮ ಅದುರಲಿಲ್ಲ.

"ನನ್ನ ತಮ್ಮರಿ, ಮಾರೆಪ್ಪ. ಹತ್ತು ವರ್ಷಾತು. ನಿಮ್ಮಂಗ ಎರಡು ಕುರಿ ಕಳಕೊಂಡು ಓಡಿಬಂದ. ಹುಲಿ ಬಿಡಲಿಲ್ಲರಿ. ಉಳಿದವೂ ವಾರಕ್ಕೊಂದರಂಗ ಇಲ್ಲೇ ಮನಿಯಾಗ ಹೋದ್ವು. ಕಿವಿ ಹೋತು, ಕಣ್ಣು ಹೋತು, ಕಡೀಕ ಮೈಯಾನ ಸ್ಪರ್ಶ ಹೋತು. ಆರನೇ ಕುರಿ ಅಂದ್ರ ಉಸಿರು. ಅದೊಂದು ಯಾಕ ಬಿಟ್ಟೈತೋ ಗೊತ್ತಿಲ್ಲರಿ."

ಹಿಂದೆ ಒಬ್ಬ ಪಾಳೇಗಾರ ಆ ಮಂಟಪದಲ್ಲಿ ಒಬ್ಬ ಮಂತ್ರವಾದಿಯೊಡನೆ ಹುಲಿ-ಕುರಿ ಆಡಿ, ಗೆಲ್ಲಲಾರದೆ ಮೋಸದಿಂದ ಆಟ ಕೆಡಿಸಿದನಂತೆ. ಸಿಟ್ಟಿಗೆ ಆ ಮಂತ್ರವಾದಿಯ ಮೂಗು, ನಾಲಿಗೆ ಕೊಯ್ಸಿದ, ಕಿವಿಗೆ ಸೀಸ ಹೊಯ್ಸಿದ, ಕಣ್ಣು ಕೀಳಿಸಿದ, ಚರ್ಮ ಸುಲಿಸಿದ. ಉಳಿದ ಒಂದೇ ಒಂದು ಉಸಿರನ್ನು ಮಂತ್ರವಾದಿ ತನ್ನ ಮೂರು ಹುಲಿಗಳೊಳಗೆ ಊದಿ ಸತ್ತ. ಅಂದಿನಿಂದ ಆ ಕಲ್ಲಿನ ಮೇಲೆ ಕುರಿ ಇಟ್ಟವರ ಮೇಲೆಲ್ಲ ಅವನ ಮಾಟ.

ಶೇಖರಮ್ಮ ಮಾರೆಪ್ಪನ ಮುಖವನ್ನೇ ನೋಡುತ್ತಿದ್ದಳು. ಅಂಜಿಕೆಯ ಮೇಲೆ ನಿಧಾನವಾಗಿ ಸಿಟ್ಟು ಏರಿತು.

"ಇದಕ್ಕ ಏನೇನು ಮಾಡಿದ್ರಿ?"

"ತಾಯತ ಕಟ್ಟಿದ್ವಿ, ಕೋಳಿ ಕೊಯ್ದ್ವಿ. ಮಠಕ್ಕ ಹೋದ್ವಿ, ದರ್ಗಾಕ್ಕ ಹೋದ್ವಿ."

"ಯಾರಾರ ಆಟ ಮುಗಿಸಿದ್ರೇನು?"

ಮುದಕಮ್ಮನಿಗೆ ಅರ್ಥವಾಗಲಿಲ್ಲ.

"ಮೂರೂ ಹುಲಿ ಕಟ್ಟಿಹಾಕಿದ್ರ ಕುರಿ ಗೆದ್ದಂಗ, ಹೌದಿಲ್ಲೋ? ಯಾರಾರ ಕೂತು ಆಡಿದ್ರೇನು, ಕಡೀತನಕ?"

"ಅಲ್ಲಿ ಯಾರು ಕುಂದ್ರತಾರ್ರೀ ಯವ್ವಾ!"

"ನಾ ಕುಂದ್ರತೀನಿ," ಎಂದು ಶೇಖರಮ್ಮ ಚೀಲ ಎತ್ತಿಕೊಂಡಳು. "ಅಂವಗ ಮೋಸ ಮಾಡಿದಾಂವ ಯಾವನೋ, ನಾ ಕಿವಿ-ಮೂಗು ಕೊಡಬೇಕೇನು? ಮೋಸಿಲ್ಲದಂಗ ಆಡೇ ಗೆಲ್ತೀನಿ."

ನಡುಹಗಲು. ಮುದಕಮ್ಮ ಕುರಿಗಳನ್ನು ಹೊಡೆದುಕೊಂಡು ಹಿಂದೆಯೇ ಬಂದಳು. ಮಂಟಪದ ಹೊಸ್ತಿಲು ಮಾತ್ರ ದಾಟಲಿಲ್ಲ. ಹೊರಗಿನಿಂದ, "ಅದೀರೇನ್ರಿ ಅಕ್ಕಾರ?" ಎಂದು ಕೂಗುತ್ತಿದ್ದಳು. "ಅದೀನಿ," ಎಂದು ಇವಳು ಒಳಗಿನಿಂದ.

ಕೈಯಲ್ಲಿ ಹನ್ನೊಂದು ಕುರಿ, ಕಲ್ಲಿನ ಮೇಲೆ ಎರಡು. ಈಗ ಅವಳು ಹುಡುಗಾಟಕ್ಕೆ ಕೂತಿರಲಿಲ್ಲ, ಗೆಲ್ಲಲು ಕೂತಿದ್ದಳು. ಅಂಚು ಹಿಡಿದು ಇಟ್ಟಳು. ಜೋಡಿ ಬಿಡದೆ ಇಟ್ಟಳು. ಹುಲಿ ಹಾರಲು ಆಚೆ ಮನೆ ಖಾಲಿ ಬಿಡಲಿಲ್ಲ. ಕರ್ರ್. ಅವಳು. ಕರ್ರ್. ಅವಳು. ಬೆರಳ ಗೆಣ್ಣಿನ ಮೇಲೆ ಯಾರದೋ ತಣ್ಣನೆಯ ಉಸಿರು ಬಿತ್ತು. ಕೈ ಹಿಂದೆಗೆಯಲಿಲ್ಲ. ಎದುರಿನ ಕತ್ತಲೆ ಒಂದು ಮನುಷ್ಯನಷ್ಟು ಗಟ್ಟಿಯಾಗಿತ್ತು. ತಲೆಯೆತ್ತಲಿಲ್ಲ. ಮನೆಗಳನ್ನಷ್ಟೇ ನೋಡಿದಳು.

ಹದಿಮೂರೂ ಇಟ್ಟಾಯಿತು. ಇನ್ನು ಕುರಿಗಳು ನಡೆಯಬೇಕು. ಒಂದು ಹುಲಿ ಮೂಲೆಗೆ ಸಿಕ್ಕಿತು. ಕಟ್ಟಾಯಿತು. ಎರಡನೆಯದು ಒಂದು ತಾಸು ಕಾಡಿತು. ಕಟ್ಟಾಯಿತು. ಮೂರನೆಯದು ಸಿಗಲಿಲ್ಲ. ಎರಡು ಮನೆಗಳ ನಡುವೆ ಅತ್ತ ಇತ್ತ, ಅತ್ತ ಇತ್ತ, ಬೋನಿನಲ್ಲಿದ್ದಂತೆ ತಿರುಗುತ್ತಿತ್ತು. ಎಷ್ಟು ಲೆಕ್ಕ ಹಾಕಿದರೂ ಒಂದೇ ದಾರಿ. ಒಂದು ಕುರಿಯನ್ನು ಅದರ ಬಾಯಿಗೆ ಕೊಡಬೇಕು. ಹಾರಿ ಆಚೆ ಬಿದ್ದೊಡನೆ ಇನ್ನೊಂದು ಕುರಿಯಿಂದ ಬಾಗಿಲು ಮುಚ್ಚಬೇಕು.

ಕೊಟ್ಟರೆ ಏನು ಹೋಗುತ್ತದೆ? ಮಾರೆಪ್ಪನಂತೆ ಮೊದಲು ಕಿವಿಯೇ ಹೋಗಬೇಕೆಂದಿಲ್ಲ. ಕಣ್ಣು ಹೋದರೆ ಬಾಗಿಲು ಮುಚ್ಚುವುದು ಹೇಗೆ?

ಅವಳು ಎಡಗೈಯನ್ನು ಬಾಗಿಲು ಮುಚ್ಚಬೇಕಾದ ಕುರಿಯ ಮೇಲೆ ಇಟ್ಟುಕೊಂಡಳು. ಕುರುಡಿಯಾದರೂ ತಡವಿ ಸರಿಸಬಹುದು. ಎಷ್ಟು ಅಂಗುಲ, ಯಾವ ಕಡೆಗೆ, ಮೂರು ಸಲ ಅಳೆದು ಬೆರಳಿಗೆ ಬಾಯಿಪಾಠ ಮಾಡಿಸಿದಳು.

"ಅದೀರೇನ್ರಿ ಅಕ್ಕಾರ?"

"ಅದೀನಿ!" ಎಂದು ಶೇಖರಮ್ಮ ಕತ್ತಲೆಯನ್ನು ನೇರವಾಗಿ ನೋಡಿದಳು. "ತಗೋ. ನಾ ಕೊಡಾಕತ್ತೀನಿ. ನೀ ಕಸಗೊಳ್ಳಾಕತ್ತಿಲ್ಲ."

ಬಲಗೈಯಿಂದ ಕುರಿಯನ್ನು ಹುಲಿಯ ಮುಂದೆ ನೂಕಿದಳು.

ಹುಲಿ ಹಾರಿತು. ಸದ್ದಾಗಲಿಲ್ಲ.

ಕರ್ರ್ ಎನ್ನಲಿಲ್ಲ. ನೀರು ತೊಟ್ಟಿಕ್ಕಲಿಲ್ಲ. ಹೊರಗೆ ಕುರಿಗಳ ಗಂಟೆಯಿಲ್ಲ. ತನ್ನ ಎದೆಬಡಿತ ಪಕ್ಕೆಲುಬಿನಲ್ಲಿ ಗುದ್ದುತ್ತಿತ್ತು, ಕೇಳುತ್ತಿರಲಿಲ್ಲ. ಕಣ್ಣಿತ್ತು. ಕಣ್ಣಿತ್ತು! ಎಡಗೈ ಸರಿಸಿತು. ಬಾಗಿಲು ಮುಚ್ಚಿತು.

ಮೂರನೆಯ ಹುಲಿ ಅಲುಗಿತು. ಮತ್ತೆ ಅಲುಗಿತು. ಎಲ್ಲಿಯೂ ಮನೆಯಿಲ್ಲ. ಹಾಸುಗಲ್ಲು ಅವಳ ಮೊಳಕಾಲಡಿಯಲ್ಲಿ ಜ್ವರ ಬಂದಂತೆ ನಡುಗಿತು. ಬಾವಲಿಗಳು ಕರಿಯ ಬಟ್ಟೆ ಹರಿದಂತೆ ಒಟ್ಟಿಗೇ ಹೊರಗೆ ನುಗ್ಗಿದವು. ಅವಳ ನೋಟದೆದುರೇ ಹುಲಿಗಳ ಹೊಳಪು ಆರಿತು. ಮೂರೂ ಬರೇ ಕಲ್ಲಾದವು. ಧೂಳಿನಲ್ಲಿ ಮೊಳಕಾಲಿನ ಗುಳಿಗಳ ಹಿಂದೆ ಎರಡು ಹೆಜ್ಜೆಗಳು ಮೂಡಿದವು, ಎದ್ದು ಹೋದವರವು. ಮೂರನೆಯದು ಮೂಡಲಿಲ್ಲ.

ಹೊರಗೆ ಬಂದಾಗ ಮುದಕಮ್ಮನ ಬಾಯಿ ಆಡುತ್ತಿತ್ತು. ಶೇಖರಮ್ಮ ತನ್ನ ಕಿವಿಗಳನ್ನು ತೋರಿಸಿ, ತಲೆಯಲ್ಲಾಡಿಸಿದಳು. ಮುದುಕಿ ಅವಳ ಕಾಲು ಹಿಡಿದಳು. ಅವಳು ಎಬ್ಬಿಸಿ ನಿಲ್ಲಿಸಿದಳು. ಇಬ್ಬರೂ ಇಳಿದರು. ಗುಡಿಸಲ ಮುಂದೆ ಮಾರೆಪ್ಪನ ಮುಖದ ಮೇಲೆ ನೊಣವೊಂದು ಕೂತಿತು. ಅವನ ಕೆನ್ನೆ ಅದುರಿತು. ಮುದಕಮ್ಮ ಓಡಿ ಅವನ ಅಂಗೈಯಲ್ಲಿ ತನ್ನ ಬೆರಳಿಟ್ಟಳು. ಹತ್ತು ವರ್ಷ ಏನನ್ನೂ ಹಿಡಿಯದ ಕೈ ಅದನ್ನು ಹಿಡಿಯಿತು. ಕಣ್ಣು, ಕಿವಿ ಬರಲಿಲ್ಲ. ಕೈ ಮಾತ್ರ ಬಿಡಲಿಲ್ಲ. ಮುದಕಮ್ಮ ಚೀರಿ ಅಳುತ್ತಿದ್ದಳು. ಶೇಖರಮ್ಮ ಅದನ್ನು ಬರೀ ಕಣ್ಣಿಂದ ಕಂಡಳು.

ಸೋಮವಾರ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಮುಟ್ಟದೆ ಉಮಾಪತಿಯ ಮೇಜಿನ ಮೇಲೆ ಚೀಟಿ ಇಟ್ಟಳು: "ಕಿವಿ ಹೋಗಿವೆ. ಬೇರೆ ಕೆಲಸ ಕೊಡಿ." ಅವನು ಗಾಬರಿಯಿಂದ ಕೆಳಗೆ ಬರೆದ: "ಹೇಗೆ?" ಅವಳು ಬರೆದಳು: "ಆಟದಲ್ಲಿ. ಗೆದ್ದಿದ್ದೇನೆ." ಅವನು ಚೀಟಿಯನ್ನು ಎರಡು ಸಲ ಓದಿ, ಅವಳನ್ನು ದಾಖಲೆಗಳ ಕೋಣೆಗೆ ಹಾಕಿದ. ಒಮ್ಮೊಮ್ಮೆ ಸ್ವಿಚ್‌ಬೋರ್ಡಿನ ಮೇಲೆ ಹೊರಗಿನ ಕರೆಗಳ ದೀಪಗಳು ಮಿನುಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮರುವರ್ಷ ಗಂಗಾವತಿಯ ಬಸ್‌ಸ್ಟ್ಯಾಂಡ್ ಹತ್ತಿರ ಮರ್ದಾನಸಾಬನೆಂಬವನು ಹೈದರಾಬಾದಿನಿಂದ ವಿಡಿಯೋ ಗೇಮ್ ತಂದು ಟೀವಿಗೆ ಜೋಡಿಸಿದ. ಊರ ಗಂಡಸರೆಲ್ಲ ಮುತ್ತಿದ್ದರು. ಗುಂಪು ಸರಿಸಿಕೊಂಡು ಬಂದ ಶೇಖರಮ್ಮ ಸ್ಟೂಲಿನ ಮೇಲೆ ಕೂತಳು. ಮರ್ದಾನಸಾಬನಿಗೆ ಅವಳ ಸಂಗತಿ ಗೊತ್ತಿತ್ತು. ಕಿವಿ ತೋರಿಸಿ ಕೈಯಾಡಿಸಿದ: ಸದ್ದು ಕೇಳದಿದ್ದರೆ ಈ ಆಟ ಆಗುವುದಿಲ್ಲ, ಬಾಂಬು ಬೀಳುವುದು ಸದ್ದಿನಿಂದಲೇ ಗೊತ್ತಾಗಬೇಕು.

"ಆಡಿಸ್ರೀ ಸಾಹೇಬ್ರ," ಎಂದಳು. ತನ್ನ ದನಿ ಎಷ್ಟು ಜೋರಾಗಿದೆಯೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅಂಗಡಿಯ ಆಚೆಯವರೂ ತಿರುಗಿ ನೋಡಿದರು.

ಮೊದಲ ಸಲ ಆಟದಲ್ಲಿ ಬೇಗ ಸತ್ತಳು. ಎರಡನೆಯ ಸಲವೂ ಸತ್ತಳು. ಹಿಂದೆ ನಗುತ್ತಿದ್ದಾರೆಂದು ಟೀವಿಯ ಗಾಜಿನಲ್ಲಿ ಕಂಡಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲನ್ನು ಇನ್ನೊಂದು ಗೇಣು ಮುಂದೆಳೆದುಕೊಂಡು, ಮೂರನೆಯ ಆಟ ಶುರುಮಾಡಿದಳು.